ಮನೆಯಲ್ಲೇ ಸಾಮಾನು ಮಾಡುವವರಿಗೆ ಬೆಂಗಳೂರಲ್ಲಿ ಜೊತೆ ಎಲ್ಲಿ? ಮೇಕರ್‌ಸ್ಪೇಸ್, ಎಸ್‌.ಪಿ. ರೋಡ್, ಪೀಣ್ಯ, ಹಳೇ ಕ್ಲಬ್, ನಿಮ್ಮದೇ ಟೆರೇಸು

ಬೆಂಗಳೂರಲ್ಲಿ ಯಂತ್ರಕ್ಕೆ ಬರವಿಲ್ಲ. ಅಕ್ರಿಲಿಕ್ ಕತ್ತರಿಸಬೇಕೆಂದರೆ ಸೈನ್‌ಬೋರ್ಡ್ ಮಾಡುವವರ ಹತ್ತಿರ ಲೇಸರ್ ಇದೆ, ಲೇತ್ ಕೆಲಸಕ್ಕೆ ಪೀಣ್ಯ ಇದೆ, ಬಿಡಿಭಾಗಕ್ಕೆ ಎಸ್‌.ಪಿ. ರೋಡ್ ಇದೆ. 3ಡಿ ಪ್ರಿಂಟರ್ ಅಂತೂ ಈಗ ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಮನೆ ಬಾಗಿಲಿಗೇ ಬರುತ್ತದೆ. ಸಿಗದಿರುವುದು ಜನ. ನೀವು ಅರ್ಧ ಮಾಡಿದ್ದನ್ನು ಕೈಯಲ್ಲಿ ತಿರುಗಿಸಿ ನೋಡಿ "ಇಲ್ಲಿ ಬಿರುಕು ಬಿಡತ್ತೆ" ಅನ್ನುವವರು, ಮುಂದಿನ ಶನಿವಾರವೂ ಸಿಗುವವರು.

ಮೇಕರ್‌ಸ್ಪೇಸ್, ಅಂದರೆ ದುಡ್ಡು ಕಟ್ಟಿ ಯಂತ್ರ ಬಳಸುವ ಜಾಗ, ಸೇರಿದರೆ ಜನವೂ ತಾನಾಗಿ ಸಿಗುತ್ತಾರೆ ಎಂದುಕೊಂಡು ಹೋದವರಲ್ಲಿ ಹಲವರು ಎರಡು ತಿಂಗಳಲ್ಲಿ ಬಿಡುತ್ತಾರೆ. ಯಂತ್ರ ಸಿಗುವ ಜಾಗ ಒಂದು, ಜೊತೆ ಸಿಗುವ ಜಾಗ ಇನ್ನೊಂದು. ಎರಡೂ ಒಂದೇ ಕಡೆ ಸಿಕ್ಕರೆ ಅದೃಷ್ಟ. ಈ ಬರಹ ಒಂದೊಂದು ಜಾಗವನ್ನೂ ಮುಖ್ಯವಾಗಿ ಎರಡನೆಯ ಲೆಕ್ಕದಲ್ಲಿ ತೂಗುತ್ತದೆ.

ಹೋಲಿಸಲು ಒಂದು ಕೆಲಸ ಇಟ್ಟುಕೊಳ್ಳೋಣ

ಟೆರೇಸ್ ತೋಟಕ್ಕೆ ತಾನಾಗಿ ನೀರು ಬಿಡುವ ಪೆಟ್ಟಿಗೆ. ಬೇಕಾದ ಸಾಮಾನು: ಒಂದು ಇಎಸ್‌ಪಿ32 ಬೋರ್ಡ್ (ವೈ-ಫೈ ಇರುವ ಪುಟ್ಟ ಕಂಪ್ಯೂಟರ್), ಮಣ್ಣಿನ ತೇವ ನೋಡುವ ಕೆಪ್ಯಾಸಿಟಿವ್ ಸೆನ್ಸರ್ ಎರಡು, ಅರ್ಧ ಇಂಚಿನ 12 ವೋಲ್ಟ್ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ನಲ್ಲಿ), 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 5 ವೋಲ್ಟಿಗೆ ಇಳಿಸುವ ಬಕ್ ಮಾಡ್ಯೂಲ್, ವಾಲ್ವಿಗೆ ಸ್ವಿಚ್ಚಾಗುವ ಒಂದು ಮಾಸ್ಫೆಟ್, ಒಂದು 1ಎನ್4007 ಡಯೋಡ್, ಮಳೆ ತಡೆಯುವ ಪೆಟ್ಟಿಗೆ. ವಿಡಿಯೊ ನೋಡಿ ಒಂದು ಭಾನುವಾರದಲ್ಲಿ ಜೋಡಿಸಬಹುದು. ಕೆಡುವುದು ಆಮೇಲೆ.

ಮೊದಲನೆಯದು: ಮೇಜಿನ ಮೇಲೆ ಸರಿಯಾಗಿ ಓದುತ್ತಿದ್ದ ಸೆನ್ಸರ್, ವೈ-ಫೈ ಹಾಕಿದ ಕೂಡಲೇ ಏನೇನೋ ತೋರಿಸುತ್ತದೆ. ಇಎಸ್‌ಪಿ32ರಲ್ಲಿ ಎಡಿಸಿ2 ಗುಂಪಿನ ಪಿನ್‌ಗಳು ವೈ-ಫೈ ನಡೆಯುವಾಗ ಅನಲಾಗ್ ಓದಿಗೆ (ಏರಿಳಿಯುವ ವೋಲ್ಟೇಜ್ ಅಳೆಯಲು) ಸಿಗುವುದಿಲ್ಲ. ಸೆನ್ಸರ್ ತಂತಿಯನ್ನು ಎಡಿಸಿ1ರ ಪಿನ್‌ಗೆ, ಉದಾಹರಣೆಗೆ 34 ಅಥವಾ 35ಕ್ಕೆ, ಹಾಕಬೇಕು. ಎರಡನೆಯದು: ವಾಲ್ವ್ ಮುಚ್ಚಿದಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತದೆ. ವಾಲ್ವಿನ ಕಾಯಿಲ್ ಕರೆಂಟು ನಿಂತ ಕ್ಷಣ ಹಿಮ್ಮುಖವಾಗಿ ಹೊಡೆಯುವ ವೋಲ್ಟೇಜಿಗೆ ದಾರಿ ಇಲ್ಲ. ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಪಟ್ಟಿ 12 ವೋಲ್ಟ್ ಕಡೆಗೆ ಬರುವಂತೆ ಹಾಕಬೇಕು. ಮೂರನೆಯದು: ಮಾಸ್ಫೆಟ್ ಮುಟ್ಟಿದರೆ ಸುಡುತ್ತದೆ. ಅಂಗಡಿಯವರು ಕೊಟ್ಟ ಐಆರ್‌ಎಫ್540 ಬೋರ್ಡಿನ 3.3 ವೋಲ್ಟಿಗೆ ಪೂರ್ತಿ ತೆರೆಯುವುದಿಲ್ಲ, ಅರ್ಧ ತೆರೆದು ಬಿಸಿಯಾಗುತ್ತದೆ. ಕಡಿಮೆ ಗೇಟ್ ವೋಲ್ಟೇಜಿಗೆ ಮಾಡಿದ ಎಒ3400 ತರಹದ್ದು ಬೇಕು.

ನಾಲ್ಕನೆಯದಕ್ಕೂ ಎಲೆಕ್ಟ್ರಾನಿಕ್ಸಿಗೂ ಸಂಬಂಧವೇ ಇಲ್ಲ. ಅಗ್ಗದ ಸೊಲೆನಾಯ್ಡ್ ವಾಲ್ವ್ ನೀರಿನ ಒತ್ತಡದ ಸಹಾಯದಿಂದಲೇ ತೆರೆಯುವ, ಮುಚ್ಚುವ ಜಾತಿಯದು. ಮೈಮೇಲೆ 0.02 ಎಂಪಿಎ ಎಂದು ಕನಿಷ್ಠ ಒತ್ತಡ ಬರೆದಿರುತ್ತದೆ. ಅಂದರೆ ಸುಮಾರು 2 ಮೀಟರ್ ಎತ್ತರದ ನೀರು. ತೋಟ ಇರುವುದು ಟೆರೇಸಿನಲ್ಲಿ, ಸಿಂಟೆಕ್ಸ್ ಟ್ಯಾಂಕೂ ಅಲ್ಲೇ, ನಾಲ್ಕೈದು ಅಡಿ ಸ್ಟ್ಯಾಂಡಿನ ಮೇಲೆ. ಟ್ಯಾಂಕ್ ತುಂಬಿದಾಗ ವಾಲ್ವ್ ಕೆಲಸ ಮಾಡುತ್ತದೆ, ಅರ್ಧಕ್ಕಿಳಿದಾಗ ತೊಟ್ಟಿಕ್ಕುತ್ತದೆ ಅಥವಾ ಮುಚ್ಚುವುದೇ ಇಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಎಷ್ಟು ರಾತ್ರಿ ಕೂತರೂ ಇದು ಸಿಗುವುದಿಲ್ಲ. ಮೋಟಾರಿನ ಬಾಲ್ ವಾಲ್ವ್ ಹಾಕಬೇಕು, ಇಲ್ಲವೇ ಸಣ್ಣ ಪಂಪು.

ಇವು ನಾಲ್ಕನ್ನೂ ಒಬ್ಬರೇ ಹಿಡಿಯುವುದು ಅಪರೂಪ. ಮೊದಲನೆಯದು ಸಾಫ್ಟ್‌ವೇರಿನವರ ಕಣ್ಣಿಗೆ ಬೀಳುತ್ತದೆ, ನಡುವಿನ ಎರಡು ಹ್ಯಾಮ್ ರೇಡಿಯೊದವರಿಗೆ (ಹವ್ಯಾಸಕ್ಕೆ ರೇಡಿಯೊ ಕಟ್ಟಿ ಮಾತಾಡುವವರು) ಅಂಗೈ ಗೆರೆ, ಕೊನೆಯದು ಪ್ಲಂಬರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಲ್ಲಿ ಜೊತೆ ಹುಡುಕಬೇಕು ಎಂಬುದು ನಿಮ್ಮ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದರ ಮೇಲಿದೆ.

ಮೇಕರ್‌ಸ್ಪೇಸ್

ಹಲಸೂರು ಮೆಟ್ರೊ ನಿಲ್ದಾಣದ ಕೆಳಗೆ ನೆಲೆಯೂರಿದ್ದ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್, ಕೋರಮಂಗಲ ಕಡೆಯ ಐಕೆಪಿ ಈಡನ್, ಈ ಊರಲ್ಲಿ ಮೊದಲು ಕಿವಿಗೆ ಬೀಳುವ ಹೆಸರುಗಳು. ಇಂಥ ಜಾಗಗಳ ಹಿಂದಿರುವುದು ಎಂಐಟಿಯ ನೀಲ್ ಗರ್ಷನ್‌ಫೆಲ್ಡ್ ಬೆಳೆಸಿದ ಫ್ಯಾಬ್ ಲ್ಯಾಬ್ ಕಲ್ಪನೆ, ಅಂದರೆ ಯಾರು ಬೇಕಾದರೂ ಬಂದು ಯಂತ್ರ ಬಳಸಿ ಸಾಮಾನು ಮಾಡುವ ಕಾರ್ಯಾಗಾರ. ಆ ಜಾಲದ ಮೊದಮೊದಲ ಲ್ಯಾಬುಗಳಲ್ಲಿ ಒಂದು ಶುರುವಾದದ್ದು 2002ರಲ್ಲಿ, ಪುಣೆ ಜಿಲ್ಲೆಯ ಪಾಬಳ್ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ. ಯಾವ ಜಾಗಕ್ಕಾದರೂ ಹೊರಡುವ ಮೊದಲು ಫೋನ್ ಮಾಡಿ. ದರ, ವೇಳೆ, ಕೆಲವೊಮ್ಮೆ ವಿಳಾಸವೂ ಬದಲಾಗಿರುತ್ತದೆ.

ಒಳಗೆ ಹೋದಾಗ ಯಂತ್ರಗಳ ಪಟ್ಟಿ ಕೇಳಬೇಡಿ, ಅದು ಗೋಡೆ ಮೇಲೇ ಇರುತ್ತದೆ. ಕಸದ ಬುಟ್ಟಿ ನೋಡಿ. ಲೇಸರ್ ಪಕ್ಕದ ಬುಟ್ಟಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ತುಂಡು ಸಿಕ್ಕರೆ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಂಚು ನೇರವಾಗಿ, ಗಾಜಿನಂತೆ ಹೊಳೆಯುತ್ತಿದ್ದರೆ ಯಂತ್ರವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ. ಓರೆಯಾಗಿದ್ದರೆ ಕನ್ನಡಿಗಳ ಅಲೈನ್‌ಮೆಂಟ್ ಅಥವಾ ಫೋಕಸ್ ಹೋಗಿದೆ. ಅಂಚು ಕರಗಿ ಕೆಳಗೆ ಹನಿಗಟ್ಟಿದ್ದರೆ ಲೆನ್ಸ್ ಕೊಳೆಯಾಗಿದೆ ಅಥವಾ ಗಾಳಿ ಊದುವ ಪಂಪು ಸತ್ತಿದೆ. ಬುಟ್ಟಿ ಖಾಲಿ ಇದ್ದರೆ? ಗುಡಿಸಿದ್ದಾರೆ, ಇಲ್ಲವೇ ಯಾರೂ ಕೆಲಸ ಮಾಡುತ್ತಿಲ್ಲ. ಕಪಾಟಿನಲ್ಲಿ ಹೆಸರು ಬರೆದ, ಅರ್ಧ ಮುಗಿದ ಸಾಮಾನು ಇದೆಯೇ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಅಂಥ ಕಪಾಟು ಇರುವ ಜಾಗಕ್ಕೆ ಜನ ಮತ್ತೆ ಮತ್ತೆ ಬರುತ್ತಾರೆ.

ನೋಡಲು ಹೋಗುವ ಸಮಯ ಮುಖ್ಯ. ವಾರದ ದಿನ ಮಧ್ಯಾಹ್ನ ಹೋದರೆ ಕಾಣುವವರು ಸ್ಟಾರ್ಟಪ್ಪಿನವರು. ಅವರ ಮೇಜಿನ ಮೇಲಿರುವುದರ ಬಗ್ಗೆ ಮಾತಾಡಲು ಅವರಿಗೆ ಬಿಡುವೂ ಇಲ್ಲ, ಎಷ್ಟೋ ಸಲ ಅನುಮತಿಯೂ ಇಲ್ಲ. ಹವ್ಯಾಸಿಗಳು ಬರುವುದು ಶನಿವಾರ ಮಧ್ಯಾಹ್ನದ ಮೇಲೆ. ಆಗ ಇಬ್ಬರೇ ಇದ್ದರೂ, ಆ ಇಬ್ಬರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರೆ ಸೇರಬಹುದು.

ಸದಸ್ಯತ್ವದ ಲೆಕ್ಕ ಹೀಗೆ ಹಾಕಿ: ಸೈನ್‌ಬೋರ್ಡ್ ಅಂಗಡಿಯಲ್ಲಿ ಲೇಸರಿಗೆ ನಿಮಿಷಕ್ಕೆ ಎಷ್ಟು ಎಂದು ಕೇಳಿ, ತಿಂಗಳ ಶುಲ್ಕವನ್ನು ಅದರಿಂದ ಭಾಗಿಸಿ. ತಿಂಗಳಿಗೆ ಅಷ್ಟು ನಿಮಿಷದ ಕೆಲಸ ನಿಮಗಿಲ್ಲದಿದ್ದರೆ ನೀವು ಕೊಡುತ್ತಿರುವುದು ಜನರ ಸಹವಾಸಕ್ಕೆ, ಯಂತ್ರಕ್ಕಲ್ಲ. ಅದೂ ಸರಿಯೇ, ಆದರೆ ಆ ಜನ ಅಲ್ಲಿದ್ದಾರೆಯೇ ಎಂದು ಮೊದಲು ನೋಡಿರಬೇಕು. ದಿನದ ಪಾಸ್ ಇದ್ದರೆ ಎರಡು ಶನಿವಾರ ಅದರಲ್ಲೇ ಹೋಗಿ.

ಹೊಸಬರು ಲೇಸರಿನಲ್ಲಿ ಮಾಡುವ ತಪ್ಪುಗಳು ಎರಡೇ, ಆದರೆ ಎಲ್ಲರೂ ಮಾಡುತ್ತಾರೆ. ಡಿಎಕ್ಸ್‌ಎಫ್ ಫೈಲು (ಲೇಸರಿಗೆ ಕೊಡುವ ರೇಖಾಚಿತ್ರ) ಅಳತೆಯ ಮಾನವನ್ನು ನಂಬುವಂತೆ ಹೊತ್ತೊಯ್ಯುವುದಿಲ್ಲ; ಮಿ.ಮೀ.ನಲ್ಲಿ ಬರೆದದ್ದನ್ನು ಯಂತ್ರದ ತಂತ್ರಾಂಶ ಇಂಚು ಎಂದುಕೊಂಡರೆ ಪೆಟ್ಟಿಗೆ 25.4 ಪಟ್ಟು ದೊಡ್ಡದಾಗುತ್ತದೆ. ಮೂಲೆಯಲ್ಲಿ 50 ಮಿ.ಮೀ.ನ ಒಂದು ಚೌಕ ಬರೆದಿಡಿ, ತೆರೆದ ಕೂಡಲೇ ಅದನ್ನು ಅಳೆಯಿರಿ. ಇನ್ನೊಂದು, ಲೇಸರ್ ತಾನೇ 0.1ರಿಂದ 0.3 ಮಿ.ಮೀ. ಅಗಲ ತಿನ್ನುತ್ತದೆ, ಜೊತೆಗೆ 3 ಮಿ.ಮೀ. ಎಂದು ಮಾರುವ ಎಂಡಿಎಫ್ (ಮರದ ನಾರಿನ ಹಲಗೆ) ವರ್ನಿಯರಿನಲ್ಲಿ 2.7 ತೋರಿಸಬಹುದು. ಹಲ್ಲು ಜೋಡಿಸುವ ಪೆಟ್ಟಿಗೆ ಸಡಿಲವಾಗುವುದು ಇದರಿಂದಲೇ. ಹಾಳೆ ಅಳೆದು, 2.6ರಿಂದ 3.1ರವರೆಗೆ ಸೀಳುಗಳಿರುವ ಪರೀಕ್ಷೆಯ ತುಂಡು ಮೊದಲು ಕತ್ತರಿಸಿ. ಪಿವಿಸಿ, ವಿನೈಲ್ ಮಾತ್ರ ಲೇಸರಿಗೆ ಕೊಡಲೇಬೇಡಿ. ಹೊರಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಸುಡುತ್ತದೆ, ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ. "ಪರವಾಗಿಲ್ಲ, ಸ್ವಲ್ಪ ತಾನೆ" ಎನ್ನುವ ಮೇಕರ್‌ಸ್ಪೇಸ್ ಆದರೆ ಅಲ್ಲಿಂದ ಎದ್ದು ಬನ್ನಿ.

ನೀರಿನ ಪೆಟ್ಟಿಗೆಯ ಲೆಕ್ಕದಲ್ಲಿ ಮೇಕರ್‌ಸ್ಪೇಸ್ ಎಡಿಸಿ2 ಸಮಸ್ಯೆಯನ್ನು ಹತ್ತು ನಿಮಿಷದಲ್ಲಿ ಬಿಡಿಸುತ್ತದೆ, ಪೆಟ್ಟಿಗೆ ಚೆನ್ನಾಗಿ ಮಾಡಿಸುತ್ತದೆ. ವಾಲ್ವಿನ ವಿಷಯದಲ್ಲಿ ಕೈಚೆಲ್ಲಬಹುದು.

ಎಸ್‌.ಪಿ. ರೋಡ್, ಎಸ್‌.ಜೆ.ಪಿ. ರೋಡ್

ಸಾದರ್ ಪತ್ರಪ್ಪ ರಸ್ತೆ ಎಲೆಕ್ಟ್ರಾನಿಕ್ಸಿಗೆ, ಪಕ್ಕದ ಸಿಲ್ವರ್ ಜುಬಿಲಿ ಪಾರ್ಕ್ ರಸ್ತೆ ಬೇರಿಂಗು, ಬೋಲ್ಟು, ಡ್ರಿಲ್ ಬಿಟ್ಟು, ಕೈ ಉಪಕರಣಗಳಿಗೆ. ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಗಾಡಿ ತರುವ ಯೋಚನೆ ಬೇಡ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಆದರೆ ಆ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಮುತ್ತ ಹಳೇ ಸಾಮಾನಿನ ಸಂತೆ ಕೂರುತ್ತದೆ. ಸತ್ತ ಪ್ರಿಂಟರು, ಸ್ಕ್ಯಾನರುಗಳಲ್ಲಿ ಸ್ಟೆಪ್ಪರ್ ಮೋಟಾರು, ನಯವಾದ ಉಕ್ಕಿನ ಸರಳು, ಬೆಲ್ಟು ಸಿಗುತ್ತವೆ.

ಇದು ಕ್ಲಬ್ ಅಲ್ಲ. ಕೌಂಟರಿನ ಹಿಂದಿನವರಿಗೆ ಹರಟೆಗೆ ಸಮಯವಿಲ್ಲ. ಆದರೂ ಒಂದೇ ಅಂಗಡಿಗೆ, ಒಂದೇ ವೇಳೆಗೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಿರಾಕಿ ಕಡಿಮೆ ಇರುವಾಗ ಹೋಗುತ್ತಿದ್ದರೆ ಮುಖ ಪರಿಚಯವಾಗುತ್ತದೆ. "ಅಣ್ಣ, ಇದೇ ತರ ಕೆಲಸ ಮಾಡೋರು ಇನ್ಯಾರಾದ್ರೂ ಬರ್ತಾರಾ?" ಎಂದು ಕೇಳಿ, ನಿಮ್ಮ ನಂಬರ್ ಬರೆದುಕೊಟ್ಟು ಬನ್ನಿ. ಯಾರು ವಾರಕ್ಕೊಮ್ಮೆ ಹತ್ತು ಬಿಎಲ್‌ಡಿಸಿ ಮೋಟಾರ್ ಒಯ್ಯುತ್ತಾರೆ, ಯಾರು ಫೆರಿಕ್ ಕ್ಲೋರೈಡ್ ಕೇಳುತ್ತಾರೆ ಎಂಬುದು ಅಂಗಡಿಯವರಿಗೆ ನೆನಪಿರುತ್ತದೆ. ಇಲ್ಲಿ ಕನ್ನಡದಲ್ಲಿ ಮಾತಾಡುವವರಿಗೆ ಒಂದು ಕೈ ಮೇಲು, ಅದನ್ನು ಬಿಟ್ಟುಕೊಡಬೇಡಿ.

ಕೊಳ್ಳುವಾಗ ಹೆಸರು ಹೇಳುವುದಕ್ಕಿಂತ ಹಳೇ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಜೇಬಿನಲ್ಲಿ ಸಣ್ಣ ಮಲ್ಟಿಮೀಟರ್, ಡೇಟಾ ಹೋಗುವ ಯುಎಸ್‌ಬಿ ಕೇಬಲ್, ಒಂದು ಆಯಸ್ಕಾಂತ ಇರಲಿ. ಜಂಪರ್ ತಂತಿ ಆಯಸ್ಕಾಂತಕ್ಕೆ ಅಂಟಿದರೆ ಒಳಗಿರುವುದು ತಾಮ್ರ ಬಳಿದ ಉಕ್ಕು. ಮಡಚಿದರೆ ಮುರಿಯುತ್ತದೆ, ವೋಲ್ಟೇಜೂ ಬೀಳುತ್ತದೆ. 18650 ಎಂಬ ಲಿಥಿಯಂ ಬ್ಯಾಟರಿ ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ನಗುತ್ತಾ ವಾಪಸ್ ಕೊಡಿ. ಆ ಗಾತ್ರದ ಒಳ್ಳೇ ಸೆಲ್ 3500ರ ಆಸುಪಾಸಿಗೆ ನಿಲ್ಲುತ್ತದೆ, ತೂಕ 45 ಗ್ರಾಂ ಮೇಲಿರುತ್ತದೆ. ಅದಕ್ಕಿಂತ ತೀರಾ ಹಗುರವಿದ್ದರೆ ಅನುಮಾನಿಸಿ.

ಪೀಣ್ಯದ ಜಾಬ್ ವರ್ಕ್ ಶಾಪುಗಳು

ಪೀಣ್ಯದ ಟರ್ನರು, ಮಿಲ್ಲರುಗಳನ್ನು ಹವ್ಯಾಸಿಗಳ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಲೋಹದ ಕೆಲಸ ಮಾಡುವವರಿಗೆ ಈ ಊರಲ್ಲಿ ಇವರಿಗಿಂತ ಒಳ್ಳೇ ಜೊತೆ ಸಿಗುವುದು ಕಷ್ಟ. ತೊಂದರೆ ಒಂದೇ: ಇವರಿಗೆ ಬೇಕಾದದ್ದು ಐನೂರು ಪೀಸಿನ ಆರ್ಡರ್, ನಿಮ್ಮದು ಒಂದು ಪೀಸು. ಒಂದು ಪೀಸಿಗೂ ಐನೂರು ಪೀಸಿಗೂ ಸೆಟ್ಟಿಂಗ್ ಸಮಯ ಒಂದೇ, ಅದಕ್ಕೇ "ಆಗಲ್ಲ ಸರ್" ಎನ್ನುತ್ತಾರೆ.

"ಆಗತ್ತೆ" ಅನ್ನಿಸಲು ಮಾಡಬೇಕಾದದ್ದು ಇಷ್ಟು. ದೊಡ್ಡ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಇರುವ ಶೆಡ್ ಬಿಟ್ಟು, ಎರಡು ಮೂರು ಹಳೇ ಸೆಂಟರ್ ಲೇತ್ ಇರುವ ಸಣ್ಣ ಶೆಡ್ಡಿಗೆ ಹೋಗಿ. ಫೋನಿನಲ್ಲಿ 3ಡಿ ಮಾಡೆಲ್ ತಿರುಗಿಸಿ ತೋರಿಸಬೇಡಿ; ಎ4 ಹಾಳೆಯಲ್ಲಿ ಮಿ.ಮೀ. ಅಳತೆಯ ಡ್ರಾಯಿಂಗ್ ಕೊಡಿ. ಕಚ್ಚಾ ಸರಳು ನೀವೇ ಕತ್ತರಿಸಿ ತನ್ನಿ, ಒಂದು ತುಂಡು ಹೆಚ್ಚಿಗೆ. ಮತ್ತು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದು) ಬೇಕಾದ ಕಡೆ ಮಾತ್ರ ಬರೆಯಿರಿ. 608 ಬೇರಿಂಗ್ ಕೂರುವ ಕಪ್ ಎಂದಿಟ್ಟುಕೊಳ್ಳಿ. ಬೇರಿಂಗಿನ ಹೊರವ್ಯಾಸ 22, ಒಳವ್ಯಾಸ 8, ದಪ್ಪ 7 ಮಿ.ಮೀ. ಬೇರಿಂಗ್ ಕೂರುವ ತೂತಿಗೆ 22 ಎಚ್7 ಎಂದು ಬರೆದರೆ ಟರ್ನರಿಗೆ 22.000ದಿಂದ 22.021ರೊಳಗೆ ಬೇಕು ಎಂದು ಅರ್ಥವಾಗುತ್ತದೆ, ಬೇರಿಂಗ್ ಬೆರಳಲ್ಲಿ ಒತ್ತಿದರೆ ಹೋಗುತ್ತದೆ. ಕಪ್ಪಿನ ಹೊರಮೈಗೆ ±0.2 ಸಾಕು. ಎಲ್ಲ ಕಡೆ ±0.01 ಎಂದು ಬರೆದು ತಂದವರಿಗೆ ದರ ಏರುತ್ತದೆ, ಜೊತೆಗೆ "ಈ ಮನುಷ್ಯ ಯಾವತ್ತೂ ಲೇತ್ ಮುಟ್ಟಿಲ್ಲ" ಎಂಬುದೂ ಅವರಿಗೆ ಗೊತ್ತಾಗುತ್ತದೆ.

ಕೆಲಸ ನಡೆಯುವಾಗ ನಿಂತು ನೋಡಲು ಕೇಳಿ, ಬಹಳ ಜನ ಬೇಡ ಅನ್ನುವುದಿಲ್ಲ. "ಈ ಒಳಮೂಲೆ ಹೀಗೆ ಚೂಪಾಗಿ ಬರಲ್ಲ, ಟೂಲಿಗೇ ರೇಡಿಯಸ್ ಇದೆ" ಎಂಬ ಒಂದು ಮಾತು ನಿಮ್ಮ ಮುಂದಿನ ಹತ್ತು ಡ್ರಾಯಿಂಗ್ ಸರಿ ಮಾಡುತ್ತದೆ. ನೀವೇ ಯಂತ್ರ ಹಿಡಿಯಬೇಕೆಂದರೆ ತಾಂತ್ರಿಕ ತರಬೇತಿ ಕೇಂದ್ರಗಳಾದ ರಾಜಾಜಿನಗರದ ಸರ್ಕಾರಿ ಜಿಟಿಟಿಸಿ, ಪೀಣ್ಯದ ಎನ್‌ಟಿಟಿಎಫ್‌ಗಳಲ್ಲಿ ಅಲ್ಪಾವಧಿ ಕೋರ್ಸುಗಳ ಬಗ್ಗೆ ವಿಚಾರಿಸಿ. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತವರು ಕೆಲಸಕ್ಕಾಗಿ ಕಲಿಯುತ್ತಿರುತ್ತಾರೆ. ಅವರ ಕೈಗೆ ಬೇಗ ಹದ ಬರುತ್ತದೆ, ಪರಿಚಯ ಇಟ್ಟುಕೊಳ್ಳಿ.

ಹಳೇ ಹವ್ಯಾಸದ ಕ್ಲಬ್ಬುಗಳು

ಮೇಕರ್ ಎಂಬ ಮಾತು ಹುಟ್ಟುವ ಮೊದಲೇ ಈ ಊರಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರಿದ್ದರು, ಈಗಲೂ ಇದ್ದಾರೆ. ಜೊತೆಯೊಂದೇ ಬೇಕೆನ್ನುವವರಿಗೆ ಈ ಬಾಗಿಲೇ ಮೊದಲು. ಇವರ ಹತ್ತಿರ ಹೊಳೆಯುವ ಯಂತ್ರವಿಲ್ಲ, ಮೂವತ್ತು ನಲವತ್ತು ವರ್ಷದ ಅಭ್ಯಾಸ ಇದೆ, ಕೇಳಿದರೆ ಹೇಳುವ ಮನಸ್ಸೂ ಇದೆ.

ಹ್ಯಾಮ್ ರೇಡಿಯೊದವರು: ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇಲ್ಲಿಯವೇ. ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಪರೀಕ್ಷೆ, ಪರವಾನಗಿ ಬೇಕು. ಸರ್ಕ್ಯೂಟ್ ಕಟ್ಟಲು, ಕೇಳಲು, ಕಲಿಯಲು ಬರುವವರನ್ನು ಯಾರೂ ತಡೆಯುವುದಿಲ್ಲ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ಟ್ರಾನ್ಸೀವರ್ ಭಾರತದ ಅಂಗಡಿಗಳಲ್ಲಿ ಸಿಗುವ ಸಾಧಾರಣ ಭಾಗಗಳಲ್ಲೇ ಕಟ್ಟುವಂಥದ್ದು, ಜಗತ್ತಿನಾದ್ಯಂತ ಹವ್ಯಾಸಿಗಳು ಕಟ್ಟಿದ್ದಾರೆ. ಅದನ್ನು ಕಟ್ಟಿದವರ ಮುಂದೆ ನಿಮ್ಮ ನೀರಿನ ಪೆಟ್ಟಿಗೆ ತೆರೆದಿಟ್ಟರೆ ಡಯೋಡ್ ಇಲ್ಲದ್ದು, ಮಾಸ್ಫೆಟ್ ತಪ್ಪಿದ್ದು, ಸೋಲ್ಡರ್ ಮಂಕಾಗಿ ಒಣಗಿದ್ದು, ಮೂರನ್ನೂ ಒಟ್ಟಿಗೆ ಹೇಳುತ್ತಾರೆ. ಸ್ವಲ್ಪ ಬೈಯಲೂಬಹುದು.

ದೂರದರ್ಶಕ ಮಾಡುವವರು: ಬೆಂಗಳೂರಿನ ಹವ್ಯಾಸಿ ಖಗೋಳ ಸಂಘಗಳಲ್ಲಿ ಇಂಥವರು ಸಿಗುತ್ತಾರೆ. ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಇವರ ಕೆಲಸದ ತಾಳ್ಮೆ ಬೇರೆಯೇ ಮಟ್ಟದ್ದು. ಆರು ಇಂಚಿನ, 1200 ಮಿ.ಮೀ. ಫೋಕಸ್ ದೂರದ ಕನ್ನಡಿಗೆ ನಡುವೆ ತೋಡಬೇಕಾದ ಆಳ ಸುಮಾರು 1.2 ಮಿ.ಮೀ. ಮಾತ್ರ. ಎರಡು ಗಾಜಿನ ಬಿಲ್ಲೆಗಳ ನಡುವೆ ನೀರು, ಕಾರ್ಬೊರಂಡಮ್ ಪುಡಿ ಹಾಕಿ ಕೈಯಲ್ಲೇ ತೇಯುವುದು: 80 ಗ್ರಿಟ್‌ನಿಂದ ಶುರು, ಆಮೇಲೆ 120, 220, 400, ಹೀಗೆ ನಯವಾಗುತ್ತಾ ಹೋಗಿ ಕೊನೆಗೆ ಪಿಚ್ ಮೇಲೆ ಸೀರಿಯಂ ಆಕ್ಸೈಡ್ ಪಾಲಿಶ್. ಕೆಡುವುದು ಪುಡಿ ಬದಲಿಸುವಾಗ. ಉಗುರಿನ ಸಂದಿಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಉಳಿದ ಒಂದೇ ಒಂದು 80ರ ಕಣ 400ರ ಹಂತದಲ್ಲಿ ಗೀರು ಹಾಕಿದರೆ ಹಿಂದಿನ ಹಂತಗಳಿಗೆ ಮರಳಬೇಕು. ಅದಕ್ಕೇ ಪ್ರತಿ ಹಂತಕ್ಕೂ ಬೇರೆ ಬಕೆಟ್, ಬೇರೆ ಬಟ್ಟೆ, ನಡುವೆ ಕೈ, ಮೇಜು, ನೆಲ ಎಲ್ಲ ತೊಳೆಯುವುದು. ಅಳತೆ, ಶುಚಿ, ಮೇಲ್ಮೈ ಎಂದರೇನು ಎಂಬುದನ್ನು 3ಡಿ ಪ್ರಿಂಟಿಂಗ್ ಎಂದೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಡ್ರೋನ್, ಮಾದರಿ ವಿಮಾನದವರೂ ಇದ್ದಾರೆ, ಆದರೆ ಹಾರಾಟ ಊರಾಚೆ. 2021ರ ನಿಯಮದಂತೆ 250 ಗ್ರಾಂವರೆಗಿನದು ನ್ಯಾನೊ, ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಹಾಗೆಂದು ಎಚ್‌ಎಎಲ್, ಯಲಹಂಕ ಸುತ್ತ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಕೊಳ್ಳಿ.

ಶಾಲೆ, ಸಂಸ್ಥೆಗಳ ಲ್ಯಾಬು

ಕಾಲೇಜು ಲ್ಯಾಬುಗಳು ಹೊರಗಿನವರಿಗೆ ಸಾಮಾನ್ಯವಾಗಿ ಮುಚ್ಚಿದ ಬಾಗಿಲು. ಐಐಎಸ್‌ಸಿಯ ವಾರ್ಷಿಕ ಮುಕ್ತ ದಿನ ನೋಡಲು ಚೆನ್ನ, ಜೊತೆ ಹುಡುಕಲು ಅಲ್ಲ. ಆ ಗದ್ದಲದಲ್ಲಿ ಯಾರ ಜೊತೆಗೂ ನಿಂತು ಮಾತಾಡಲಾಗದು.

ಬಹಳ ಜನ ಗಮನಿಸದ ದಾರಿ ಒಂದಿದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬಿಗೆ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಲ್ಯಾಬು) ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. 3ಡಿ ಪ್ರಿಂಟರ್, ಉಪಕರಣ ಬರುತ್ತವೆ, ಆದರೆ ನಡೆಸಲು ಬಲ್ಲ ಶಿಕ್ಷಕರು ಎಲ್ಲ ಕಡೆ ಇರುವುದಿಲ್ಲ. ನಿಮ್ಮ ಬಡಾವಣೆಯ ಶಾಲೆಯಲ್ಲಿ ಅಂಥ ಲ್ಯಾಬಿದ್ದರೆ ಮುಖ್ಯೋಪಾಧ್ಯಾಯರನ್ನು ಕಂಡು, ಶನಿವಾರ ಎರಡು ಗಂಟೆ ಮೆಂಟರ್ ಆಗಿ ಬರುತ್ತೇನೆ ಎಂದು ಪತ್ರ ಕೊಡಿ. ನಿಮ್ಮ ಸ್ವಂತ ಕೆಲಸಕ್ಕೆ ಆ ಯಂತ್ರ ಬಳಸುವ ಆಸೆ ಇಟ್ಟುಕೊಳ್ಳಬೇಡಿ. ಆದರೆ ಅಂಥ ಲ್ಯಾಬಿಗೆ ಬರುವ ಬೇರೆ ಮೆಂಟರುಗಳು, ಆಸಕ್ತಿಯಿರುವ ಅಪ್ಪ ಅಮ್ಮಂದಿರು ನಿಮ್ಮ ಏರಿಯಾದವರೇ ಆಗಿರುತ್ತಾರೆ.

ಮನೆಯಲ್ಲೇ ಗುಂಪು

ಮೇಲಿನ ಜಾಗಗಳಲ್ಲಿ ಮೂರು ನಾಲ್ಕು ಜನ ಸಿಕ್ಕ ಮೇಲೆ ಸೇರಲು ನಿಮ್ಮ ಟೆರೇಸೋ ಹಾಲೋ ಸಾಕು. ಇನ್ನೂರು ಜನರ ವಾಟ್ಸಾಪ್ ಗುಂಪಿನಿಂದ ಶುರು ಮಾಡಬೇಡಿ. ಅಲ್ಲಿ ಲಿಂಕ್ ಬರುತ್ತವೆ, ಜನ ಬರುವುದಿಲ್ಲ.

ಜನರನ್ನು ಕಿಲೋಮೀಟರಿನಲ್ಲಿ ಆರಿಸಬೇಡಿ, ಮೆಟ್ರೊ ಮಾರ್ಗದಲ್ಲಿ ಆರಿಸಿ. ಜಯನಗರದವರಿಗೆ ಮಲ್ಲೇಶ್ವರ ಹತ್ತಿರ, ಸರ್ಜಾಪುರ ರಸ್ತೆ ದೂರ. ತಿಂಗಳ ಎರಡನೇ ಶನಿವಾರ ನಾಲ್ಕು ಗಂಟೆ ಎಂದರೆ ಅಷ್ಟೇ, ಪ್ರತಿ ಸಲ "ಯಾವಾಗ ಅನುಕೂಲ?" ಎಂದು ಕೇಳಿದರೆ ಗುಂಪು ಮೂರನೇ ತಿಂಗಳಿಗೆ ನಿಲ್ಲುತ್ತದೆ.

ಮನೆಯ ಸಾಮಾನ್ಯ 6 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ಎಳೆಯಬಲ್ಲದ್ದು ಸುಮಾರು 1380 ವಾಟ್. ಹೀಟ್ ಗನ್ ಒಂದೇ 1500ರಿಂದ 2000 ಕೇಳುತ್ತದೆ, ಅದಕ್ಕೆ ಗೀಸರಿನ 16 ಆಂಪಿಯರ್ ಪ್ಲಗ್ಗೇ ಬೇಕು. ಪ್ರಿಂಟರು, ನಾಲ್ಕು ಸೋಲ್ಡರಿಂಗ್ ಐರನ್ ಒಂದು ಒಳ್ಳೇ ಸ್ಪೈಕ್ ಬೋರ್ಡಿನಲ್ಲಿ ನಡೆಯುತ್ತವೆ. ಎಂಡಿಎಫ್ ಕೊರೆಯುವುದು, ರೌಟರ್ ಓಡಿಸುವುದು ಅಪಾರ್ಟ್‌ಮೆಂಟಿನಲ್ಲಿ ಬೇಡ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸದ್ದಿಗೆ ಅಸೋಸಿಯೇಷನ್ನಿನವರು ಬರುತ್ತಾರೆ. ಮುಚ್ಚಳವಿಲ್ಲದ ಡಯೋಡ್ ಲೇಸರನ್ನು ಮಕ್ಕಳಿರುವ ಮನೆಯಲ್ಲಿ ತೆರೆಯಲೇಬೇಡಿ.

ಮೊದಲ ಸಭೆಗೆ ಎಲ್ಲರಿಗೂ ಒಂದೇ ಕೆಲಸ: 8 ಮಿ.ಮೀ.ನ ಒಂದು ಗೂಟ, 8.1ರಿಂದ 8.5ರವರೆಗೆ ಐದು ತೂತಿನ ಒಂದು ಪಟ್ಟಿ, 3ಡಿ ಪ್ರಿಂಟರಿನ ಮಾಮೂಲಿ ಪ್ಲಾಸ್ಟಿಕ್ಕಾದ ಪಿಎಲ್‌ಎಯಲ್ಲಿ, 0.2 ಮಿ.ಮೀ. ಪದರದಲ್ಲಿ, ತಮ್ಮ ತಮ್ಮ ಮನೆಯ ಪ್ರಿಂಟರಿನಲ್ಲಿ ಮಾಡಿ ತರಬೇಕು. ಮೇಜಿನ ಮೇಲೆ ಒಬ್ಬರ ಗೂಟವನ್ನು ಇನ್ನೊಬ್ಬರ ಪಟ್ಟಿಗೆ ಹಾಕಿ ನೋಡಿ. ಒಬ್ಬರದು 8.2ರಲ್ಲಿ ಸಲೀಸಾಗಿ ಹೋಗುತ್ತದೆ, ಇನ್ನೊಬ್ಬರದು 8.4ರಲ್ಲೂ ಸುತ್ತಿಗೆ ಕೇಳುತ್ತದೆ. ಮೊದಲ ಪದರ ಆನೆಕಾಲಿನಂತೆ ಹರಡಿದೆಯೇ, ಬೆಲ್ಟು ಸಡಿಲವಿದೆಯೇ, ಪ್ಲಾಸ್ಟಿಕ್ ಹೆಚ್ಚು ಸುರಿಯುತ್ತಿದೆಯೇ ಎಂಬ ಮಾತು ತಾನಾಗಿ ಹುಟ್ಟುತ್ತದೆ, ಸಂಕೋಚ ಹೋಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಳೆಎಳೆಯಾಗಿ ನೂಲು ಬರುತ್ತಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ) ಒಣಗಿಸಿ: ಪಿಎಲ್‌ಎ 45ರಿಂದ 50 ಡಿಗ್ರಿಯಲ್ಲಿ, ಪಿಇಟಿಜಿ 65ರಲ್ಲಿ, ನಾಲ್ಕರಿಂದ ಆರು ಗಂಟೆ.

ಎರಡನೇ ಸಭೆಗೆ ಮನೆಯಲ್ಲಿ ಮುರಿದದ್ದೊಂದು ತರಲಿ. ಮಿಕ್ಸಿಯ ಕಪ್ಲರ್ ಯಾರಾದರೂ ತಂದೇ ತರುತ್ತಾರೆ. ಅದನ್ನು ಪಿಎಲ್‌ಎಯಲ್ಲಿ ಮಾಡಿದರೆ ಮೊದಲ ಚಟ್ನಿಗೇ ಹೋಗುತ್ತದೆ: ಪಿಎಲ್‌ಎ 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ, ಮೋಟಾರಿನ ತಿರುಚು ಪದರ ಪದರ ಬಿಡಿಸುತ್ತದೆ. ಅದೇ ಕಾರಣಕ್ಕೆ ನೀರಿನ ಪೆಟ್ಟಿಗೆಯನ್ನೂ ಟೆರೇಸಿನ ಏಪ್ರಿಲ್ ಬಿಸಿಲಿಗೆ ಪಿಎಲ್‌ಎಯಲ್ಲಿ ಮಾಡಬೇಡಿ. ಪಿಇಟಿಜಿ ಅಥವಾ ಎಎಸ್‌ಎ ಹಾಕಿ, ಇಲ್ಲವೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ನೀರು ಹೊಗದ ಐಪಿ65 ಜಂಕ್ಷನ್ ಬಾಕ್ಸ್ ಕೊಂಡುಬಿಡಿ. ಕೊಳ್ಳುವುದೂ ಒಂದು ಉತ್ತರ ಎಂದು ಹೇಳುವ ಒಬ್ಬರಾದರೂ ಗುಂಪಿನಲ್ಲಿ ಇರಬೇಕು. ಪ್ಲಂಬಿಂಗ್ ಬಲ್ಲವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು.

ಗುಂಪು ಗಟ್ಟಿಯಾಗುವುದು ಮಾತಿಗಿಂತ ಜಂಟಿ ಆರ್ಡರಿನಿಂದ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡುವವರು ಸಾಮಾನ್ಯವಾಗಿ ಕನಿಷ್ಠ ಐದು ಬೋರ್ಡ್ ಮಾಡುತ್ತಾರೆ. ಐದು ಜನರಿದ್ದರೆ ತಲೆಗೊಂದು. ಪೀಣ್ಯದ ಟರ್ನರ್ ಒಂದು ಬೇರಿಂಗ್ ಕಪ್ ಮಾಡುವುದಿಲ್ಲ, ಹನ್ನೆರಡು ಮಾಡುತ್ತಾರೆ. ಯಂತ್ರವನ್ನು ಮಾತ್ರ ಜಂಟಿಯಾಗಿ ಕೊಳ್ಳಬೇಡಿ. ಒಬ್ಬರು ಪುಣೆಗೆ ವರ್ಗವಾದ ದಿನ ಪ್ರಿಂಟರ್ ಯಾರದ್ದು ಎಂಬ ಜಗಳ ಶುರುವಾಗುತ್ತದೆ. ಒಬ್ಬರೇ ಕೊಂಡು, ಉಳಿದವರು ಬಳಸಿದಷ್ಟಕ್ಕೆ ಕೊಡಲಿ: ಸ್ಲೈಸರ್ (ಪ್ರಿಂಟಿಗೆ ಫೈಲು ಸಿದ್ಧ ಮಾಡುವ ತಂತ್ರಾಂಶ) ತೋರಿಸುವ ಗ್ರಾಂ, ಅದರ ಮೇಲೆ ಹತ್ತು ಶೇಕಡಾ. ಒಂದು ಕೆ.ಜಿ. ಪಿಎಲ್‌ಎ ಎಂದರೆ 1.75 ಮಿ.ಮೀ. ದಪ್ಪದ ಸುಮಾರು 330 ಮೀಟರ್ ಎಂದು ತಿಳಿದಿದ್ದರೆ ಲೆಕ್ಕದಲ್ಲಿ ತಕರಾರು ಬರುವುದಿಲ್ಲ.

ಜಂಟಿ ಆರ್ಡರಿನ ಸಂದೇಶದಲ್ಲಿ ಇಷ್ಟಿರಲಿ: ಭಾಗದ ಪೂರ್ತಿ ನಂಬರ್, ಯಾರಿಗೆ ಎಷ್ಟು, ಮುಂಗಡ ಎಷ್ಟು, ಕೊನೆಯ ದಿನಾಂಕ, ತಂದಿಡುವವರು ಯಾರು. ಪಿಸಿಬಿ ಆದರೆ ಕಳಿಸುವ ಮೊದಲು ಗರ್ಬರ್ ಫೈಲುಗಳನ್ನು (ಬೋರ್ಡಿನ ನಕ್ಷೆ) ಬರೆದವರಲ್ಲದ ಇನ್ನೊಬ್ಬರು ತೆರೆದು ನೋಡಲಿ: ಡ್ರಿಲ್ ಫೈಲು ಸೇರಿದೆಯೇ, ಹೊರಗೆರೆ ಇದೆಯೇ, ಕೆಳಪದರದ ಅಕ್ಷರ ಕನ್ನಡಿಯಂತೆ ತಿರುಗಿದೆಯೇ. ಪಿನ್ ಹೆಡರಿನ ತೂತು 1.0 ಮಿ.ಮೀ. ಇರಬೇಕು, 0.8 ಹಾಕಿ ಕಳಿಸಿದರೆ ಐದೂ ಬೋರ್ಡುಗಳನ್ನು ಕೈ ಡ್ರಿಲ್ಲಿನಲ್ಲಿ ಕೊರೆಯುತ್ತಾ, ತೂತಿನೊಳಗಿನ ತಾಮ್ರ ಕಿತ್ತು ಬರುವುದನ್ನು ಐದೂ ಜನ ನೋಡಬೇಕಾಗುತ್ತದೆ.